ಕಂಡವರು ಯಾಕೆ ಬಾಯಿ ಬಿಡುವುದಿಲ್ಲ?

ನಡುಬೀದಿಯಲ್ಲಿ ನಡೆದ ಕೊಲೆಗೂ ನ್ಯಾಯಾಲಯದಲ್ಲಿ ಸಾಕ್ಷಿ ಸಿಗುವುದಿಲ್ಲ. ಇದು ಜನರ ಹೇಡಿತನವೋ, ಅವರನ್ನು ಒಂಟಿಯಾಗಿ ನಿಲ್ಲಿಸುವ ವ್ಯವಸ್ಥೆಯ ತಪ್ಪೋ?

2023ರ ಫೆಬ್ರುವರಿ 24. ಪ್ರಯಾಗ್‌ರಾಜ್‌ನ ಧೂಮನ್‌ಗಂಜ್ ಪ್ರದೇಶ. ನ್ಯಾಯಾಲಯದ ಕೆಲಸ ಮುಗಿಸಿ ಬಂದ ವಕೀಲ ಉಮೇಶ್ ಪಾಲ್ ತಮ್ಮ ಮನೆಯ ಓಣಿಯ ಬಾಯಲ್ಲಿ ಕಾರಿನಿಂದ ಇಳಿದರು. ಜೊತೆಗೆ ಸರ್ಕಾರ ಕೊಟ್ಟ ಇಬ್ಬರು ಸಶಸ್ತ್ರ ಪೊಲೀಸರಿದ್ದರು. ಕ್ಷಣಮಾತ್ರದಲ್ಲಿ ಗುಂಡು ಹಾರಿತು, ಬಾಂಬು ಸಿಡಿಯಿತು. ಉಮೇಶ್ ಪಾಲ್ ಸತ್ತರು. ಅವರನ್ನು ಕಾಯಲು ಬಂದಿದ್ದ ಇಬ್ಬರು ಪೊಲೀಸರೂ ಉಳಿಯಲಿಲ್ಲ. ಸಿಸಿಟಿವಿಯಲ್ಲಿ ಸೆರೆಯಾದ ಆ ದೃಶ್ಯವನ್ನು ಇಡೀ ದೇಶ ಟಿವಿಯಲ್ಲಿ ನೋಡಿತು.

ಅವರನ್ನು ಕೊಂದದ್ದು ಯಾಕೆ ಎಂದು ತಿಳಿಯಲು ಹದಿನೆಂಟು ವರ್ಷ ಹಿಂದಕ್ಕೆ ಹೋಗಬೇಕು. 2005ರ ಜನವರಿ 25ರಂದು ಬಿಎಸ್‌ಪಿ ಶಾಸಕ ರಾಜು ಪಾಲ್ ಅವರನ್ನು ಅಲಹಾಬಾದಿನ (ಇಂದಿನ ಪ್ರಯಾಗ್‌ರಾಜ್) ರಸ್ತೆಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಅವರ ಮದುವೆಯಾಗಿ ಆಗಿನ್ನೂ ಕೆಲವೇ ದಿನ. ಐದು ಬಾರಿ ಶಾಸಕನಾಗಿ, ಒಮ್ಮೆ ಸಂಸದನಾಗಿ ಮೆರೆದ ಅತೀಕ್ ಅಹ್ಮದ್ ಮತ್ತು ಅವನ ತಮ್ಮ ಅಶ್ರಫ್ ಮೇಲೆ ಆರೋಪ ಬಂತು. ಉಮೇಶ್ ಪಾಲ್ ಆ ಪ್ರಕರಣದ ಸಾಕ್ಷಿ. 2006ರ ಫೆಬ್ರುವರಿಯಲ್ಲಿ ಅವರನ್ನು ಅಪಹರಿಸಿ, ಬೆದರಿಸಿ, ಮರುದಿನ ನ್ಯಾಯಾಲಯದಲ್ಲಿ ತಮಗೇನೂ ಗೊತ್ತಿಲ್ಲವೆಂದು ಹೇಳಿಸಲಾಯಿತು. ಅಪಹರಣದ ದೂರು ದಾಖಲಾಗಲು 2007ರ ಜುಲೈವರೆಗೆ, ಅಂದರೆ ರಾಜ್ಯದಲ್ಲಿ ಸರ್ಕಾರ ಬದಲಾಗುವವರೆಗೆ ಕಾಯಬೇಕಾಯಿತು.

ಕೊಲೆಯಾದ ದಿನ ಉಮೇಶ್ ಪಾಲ್ ಬಂದಿದ್ದು ಅದೇ ಅಪಹರಣ ಪ್ರಕರಣದ ವಿಚಾರಣೆ ಮುಗಿಸಿಕೊಂಡು. ಮುಂದಿನ ತಿಂಗಳು, ಮಾರ್ಚ್ 28ರಂದು, ತೀರ್ಪು ಬಂತು. ಅತೀಕ್‌ಗೆ ಜೀವಾವಧಿ ಶಿಕ್ಷೆಯಾಯಿತು. ನೂರಕ್ಕೂ ಹೆಚ್ಚು ಪ್ರಕರಣಗಳನ್ನು ಹೊತ್ತಿದ್ದ ಆತನಿಗೆ ಶಿಕ್ಷೆಯಾದದ್ದು ಅದೇ ಮೊದಲು. ತೀರ್ಪು ಕೇಳಲು ಸಾಕ್ಷಿ ಬದುಕಿರಲಿಲ್ಲ. ಏಪ್ರಿಲ್ 15ರ ರಾತ್ರಿ ಪೊಲೀಸರ ವಶದಲ್ಲಿದ್ದಾಗಲೇ, ಕ್ಯಾಮೆರಾಗಳ ಎದುರಿಗೇ, ಅತೀಕ್ ಮತ್ತು ಅಶ್ರಫ್ ಕೂಡ ಹತ್ಯೆಯಾದರು. ರಾಜು ಪಾಲ್ ಕೊಲೆ ಪ್ರಕರಣದಲ್ಲಿ ಸಿಬಿಐ ನ್ಯಾಯಾಲಯ ಉಳಿದ ಆರೋಪಿಗಳಿಗೆ ಶಿಕ್ಷೆ ವಿಧಿಸಿದ್ದು 2024ರ ಮಾರ್ಚ್‌ನಲ್ಲಿ, ಕೊಲೆ ನಡೆದು ಹತ್ತೊಂಬತ್ತು ವರ್ಷಗಳಾದ ಮೇಲೆ.

ಹಿಂದೊಮ್ಮೆ ಅತೀಕ್‌ನ ಜಾಮೀನು ಅರ್ಜಿ ಬಂದಾಗ ಅಲಹಾಬಾದ್ ಹೈಕೋರ್ಟಿನ ಹತ್ತು ನ್ಯಾಯಮೂರ್ತಿಗಳು ಒಬ್ಬರ ನಂತರ ಒಬ್ಬರು ವಿಚಾರಣೆಯಿಂದ ಹಿಂದೆ ಸರಿದರೆಂದು 2012ರಲ್ಲಿ ವರದಿಯಾಗಿತ್ತು. ಅಂಥ ಊರಿನಲ್ಲಿ ತರಕಾರಿ ಮಾರುವವನೋ ಆಟೊ ಓಡಿಸುವವನೋ ಕಟಕಟೆ ಹತ್ತಿ ಬೆರಳು ತೋರಿಸಬೇಕು ಎಂದು ನಿರೀಕ್ಷಿಸುವ ಮುನ್ನ, ಅವನಿಗೆ ನಾವು ಏನು ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು.

ಠಾಣೆಯೊಳಗೆ ಕೊಲೆ, ಪೊಲೀಸರೇ ಪ್ರತಿಕೂಲ

ಭಯ ಬಡವರನ್ನು, ಅನಕ್ಷರಸ್ಥರನ್ನು ಮಾತ್ರ ಕಾಡುತ್ತದೆ ಎಂದುಕೊಂಡವರು ಕಾನ್ಪುರದ ರೌಡಿ ವಿಕಾಸ್ ದುಬೆಯ ಕತೆ ಕೇಳಬೇಕು. 2001ರಲ್ಲಿ ಕಾನ್ಪುರ ಗ್ರಾಮಾಂತರದ ಶಿವಲಿ ಪೊಲೀಸ್ ಠಾಣೆಯೊಳಗೆ, ಸಚಿವರ ಸ್ಥಾನಮಾನ ಹೊಂದಿದ್ದ ಬಿಜೆಪಿ ನಾಯಕ ಸಂತೋಷ್ ಶುಕ್ಲಾ ಅವರ ಕೊಲೆಯಾಯಿತು. ಕೊಲೆ ನಡೆದಾಗ ಠಾಣೆಯಲ್ಲಿದ್ದವರು ಪೊಲೀಸರು. ಸಮವಸ್ತ್ರ ಇತ್ತು, ಬಂದೂಕು ಇತ್ತು, ಕಾನೂನು ಬೆನ್ನಿಗಿತ್ತು. ಆದರೂ ನ್ಯಾಯಾಲಯದಲ್ಲಿ ಅವರೇ ಪ್ರತಿಕೂಲ ಸಾಕ್ಷಿಗಳಾದರು. ಕೊಲೆಯ ಆರೋಪಿ ದುಬೆ ಖುಲಾಸೆಯಾದ.

ಆ ಖುಲಾಸೆಯ ಬೆಲೆಯನ್ನು ತೆತ್ತವರೂ ಪೊಲೀಸರೇ. 2020ರ ಜುಲೈ 2ರ ನಡುರಾತ್ರಿ ಬಿಕ್ರು ಗ್ರಾಮದಲ್ಲಿ ದುಬೆಯನ್ನು ಹಿಡಿಯಲು ಹೋದ ತಂಡದ ಮೇಲೆ ಮನೆಗಳ ಮಾಳಿಗೆಯಿಂದ ಗುಂಡಿನ ಮಳೆ ಸುರಿಯಿತು. ಡಿವೈಎಸ್‌ಪಿ ದರ್ಜೆಯ ಅಧಿಕಾರಿಯೂ ಸೇರಿ ಎಂಟು ಮಂದಿ ಸತ್ತರು. ದಾಳಿಯ ಸುಳಿವು ಕೊಟ್ಟ ಆರೋಪದ ಮೇಲೆ ಸ್ಥಳೀಯ ಠಾಣೆಯ ಪೊಲೀಸರನ್ನೇ ಬಂಧಿಸಲಾಯಿತು. ವಾರ ಕಳೆಯುವ ಹೊತ್ತಿಗೆ ದುಬೆ ಎನ್‌ಕೌಂಟರಿನಲ್ಲಿ ಸತ್ತ.

ಈ ಎರಡು ಪ್ರಕರಣಗಳಿಗೂ ಒಂದು ಸಮಾನ ಅಂಶವಿದೆ. ಸಾಕ್ಷಿಗಳು ಮಾತಾಡದಿದ್ದಾಗ ನ್ಯಾಯಾಲಯ ಕೈಚೆಲ್ಲುತ್ತದೆ. ನ್ಯಾಯಾಲಯ ಕೈಚೆಲ್ಲಿದಾಗ ಆ ಜಾಗಕ್ಕೆ ಗುಂಡು ಬರುತ್ತದೆ. ಎನ್‌ಕೌಂಟರಿಗೆ ಬೀಳುವ ಚಪ್ಪಾಳೆಯ ಹಿಂದೆ ಜನರ ಹತಾಶೆಯಿದೆ. ಆ ಹತಾಶೆಯ ಬೇರು ಹುಡುಕುತ್ತಾ ಹೋದರೆ ಸಿಗುವುದು ಬಾಯಿ ಮುಚ್ಚಿಸಲಾದ ಸಾಕ್ಷಿಯೇ.

ಹೇಳಿಕೆಗೂ ಸಾಕ್ಷ್ಯಕ್ಕೂ ನಡುವಿನ ದೂರ

ಕೊಲೆಯಾದ ಸ್ಥಳಕ್ಕೆ ಪೊಲೀಸರು ಬಂದ ಹೊತ್ತಿನಲ್ಲಿ ಜನ ಮಾತಾಡುತ್ತಾರೆ. ಯಾರು ಬಂದರು, ಯಾವ ಬೈಕಿನಲ್ಲಿ ಬಂದರು, ಮಚ್ಚು ಯಾರ ಕೈಯಲ್ಲಿತ್ತು ಎಂಬುದೆಲ್ಲ ಹೊರಬರುತ್ತದೆ. ತನಿಖಾಧಿಕಾರಿ ಅದನ್ನು ಬರೆದುಕೊಳ್ಳುತ್ತಾರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 161ನೇ ಕಲಮು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಮಿನ ಪ್ರಕಾರ ದಾಖಲಾಗುವ ಹೇಳಿಕೆ ಅದು. ಆ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಇರಕೂಡದು. ಪೊಲೀಸರು ಬೆದರಿಸಿ ಸಹಿ ಹಾಕಿಸಿಕೊಳ್ಳಬಾರದೆಂಬ ಕಾಳಜಿಯಿಂದ ಮಾಡಿದ ನಿಯಮವಿದು. ಆ ಕಾಳಜಿ ಸರಿಯೇ. ಆದರೆ ಇದರಿಂದಾಗಿ, ಠಾಣೆಯಲ್ಲಿ ಹೇಳಿದ ಮಾತು ತಾನಾಗಿಯೇ ಸಾಕ್ಷ್ಯವಾಗುವುದಿಲ್ಲ. ವರ್ಷಗಳ ನಂತರ ನ್ಯಾಯಾಧೀಶರ ಮುಂದೆ, ಆರೋಪಿಯ ಕಣ್ಣೆದುರು, ಪ್ರಮಾಣ ಮಾಡಿ ಹೇಳಿದರೆ ಮಾತ್ರ ಅದಕ್ಕೆ ಬೆಲೆ.

ಆ ವರ್ಷಗಳಲ್ಲೇ ಎಲ್ಲವೂ ನಡೆಯುವುದು. ಆರೋಪಿಗೆ ಜಾಮೀನು ಸಿಗುತ್ತದೆ. ಅವನ ಹುಡುಗರು ಸಾಕ್ಷಿಯ ಅಂಗಡಿ ಮುಂದೆ ಬಂದು ಟೀ ಕುಡಿಯುತ್ತಾ ನಿಲ್ಲುತ್ತಾರೆ. ಏನೂ ಹೇಳುವುದಿಲ್ಲ, ‘ಅಣ್ಣ ಕೇಳ್ತಿದ್ರು ನಿಮ್ಮನ್ನ’ ಎಂಬ ಒಂದೇ ಮಾತು ಸಾಕು. ಮಗಳು ಯಾವ ಕಾಲೇಜಿಗೆ ಹೋಗುತ್ತಾಳೆಂದು ಅವರಿಗೆ ಗೊತ್ತಿದೆ ಎಂಬ ಸೂಚನೆ ಇನ್ನೊಂದು ದಿನ. ಸಂಬಂಧಿಕರ ಮೂಲಕ ಹಣದ ಮಾತು ಮತ್ತೊಂದು ದಿನ. ಊರ ಹಿರಿಯರು ‘ಆಗಿದ್ದು ಆಗಿಹೋಯ್ತು, ನಿನಗ್ಯಾಕೆ ಊರ ಉಸಾಬರಿ’ ಎಂದು ಬುದ್ಧಿ ಹೇಳುತ್ತಾರೆ. ಕೊನೆಗೆ ಸಮನ್ಸ್ ಬಂದ ದಿನ ಸಾಕ್ಷಿ ಕಟಕಟೆ ಹತ್ತಿ, ‘ಕತ್ತಲಿತ್ತು ಸ್ವಾಮಿ, ನಾನು ಯಾರನ್ನೂ ನೋಡಲಿಲ್ಲ’ ಎನ್ನುತ್ತಾನೆ. ಸರ್ಕಾರಿ ಅಭಿಯೋಜಕರು ಅವನನ್ನು ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಿ ಪಾಟೀ ಸವಾಲಿಗೆ ಅನುಮತಿ ಕೇಳುತ್ತಾರೆ. ಕೋರ್ಟಿನ ಆವರಣದಲ್ಲಿ ಇದಕ್ಕೆ ‘ಹೋಸ್ಟೈಲ್ ಆದ’ ಎನ್ನುತ್ತಾರೆ. ದಿನನಿತ್ಯ ಕೇಳಿಬರುವ ಮಾತು.

ಪ್ರತಿಕೂಲನಾದ ಮಾತ್ರಕ್ಕೆ ಸಾಕ್ಷಿಯ ಇಡೀ ಮಾತು ಅಳಿಸಿಹೋಗುವುದಿಲ್ಲ, ನಂಬಲರ್ಹವಾದ ಭಾಗವನ್ನು ಬಳಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವ ದಾರಿಯೂ ಇದೆ. ಗ್ಯಾಂಗ್ ಪ್ರಕರಣಗಳಲ್ಲಿ ಮುಖ್ಯ ಸಾಕ್ಷಿಗಳನ್ನು ಆದಷ್ಟು ಬೇಗ ಮ್ಯಾಜಿಸ್ಟ್ರೇಟರ ಬಳಿ ಕರೆದೊಯ್ಯುವುದು ಅನುಭವಿ ತನಿಖಾಧಿಕಾರಿಗಳ ರೂಢಿ. ಆದರೂ ವಿಚಾರಣೆಯ ದಿನ ಸಾಕ್ಷಿ ತಿರುಗಿಬಿದ್ದರೆ, ಆ ಹಳೆಯ ಹೇಳಿಕೆಯೊಂದರ ಮೇಲೇ ಶಿಕ್ಷೆ ನಿಲ್ಲುವುದು ಕಷ್ಟ.

ಸಾಕ್ಷಿಗಳು ಯಾಕೆ ತಿರುಗಿಬೀಳುತ್ತಾರೆ ಎಂಬುದನ್ನು ಹರಿಯಾಣದ ರಮೇಶ್ ಪ್ರಕರಣದ ತೀರ್ಪಿನಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಪಟ್ಟಿ ಮಾಡಿತು. ಬೆದರಿಕೆ, ಆಮಿಷ, ಹಣಬಲ ಮತ್ತು ತೋಳ್ಬಲ, ಪೊಲೀಸರು ಹಲವು ಪ್ರಕರಣಗಳಿಗೆ ಅದದೇ ಸಾಕ್ಷಿಗಳನ್ನು ಬಳಸುವುದು, ವಿಚಾರಣೆಯ ವಿಳಂಬ, ತನಿಖೆ ಮತ್ತು ವಿಚಾರಣೆಯ ವೇಳೆ ಸಾಕ್ಷಿ ಪಡುವ ಪಾಡು, ಪ್ರತಿಕೂಲತೆಯನ್ನು ತಡೆಯುವ ಸ್ಪಷ್ಟ ಕಾನೂನು ಇಲ್ಲದಿರುವುದು. ಈ ಪಟ್ಟಿಯಲ್ಲಿ ಬೆದರಿಕೆ ಮತ್ತು ಆಮಿಷ ಅಪರಾಧಿಗಳ ಕೆಲಸ. ಉಳಿದ ಬಹುಪಾಲು ಸರ್ಕಾರ, ಪೊಲೀಸ್ ಮತ್ತು ನ್ಯಾಯಾಲಯಗಳ ಬಾಗಿಲಿಗೆ ಬಂದು ನಿಲ್ಲುತ್ತದೆ.

ಮುಂಬೈಯ ಎರಡು ಪ್ರಕರಣ

1997ರ ಆಗಸ್ಟ್ 12ರಂದು ಮುಂಬೈಯ ಅಂಧೇರಿಯಲ್ಲಿ ದೇವಸ್ಥಾನದಿಂದ ಹೊರಬಂದ ಸಂಗೀತೋದ್ಯಮಿ ಗುಲ್ಶನ್ ಕುಮಾರ್ ಅವರನ್ನು ಹಾಡಹಗಲೇ ಗುಂಡಿಕ್ಕಿ ಕೊಲ್ಲಲಾಯಿತು. 2002ರಲ್ಲಿ ತೀರ್ಪು ಬಂದಾಗ 19 ಆರೋಪಿಗಳಲ್ಲಿ 18 ಮಂದಿ ಖುಲಾಸೆಯಾದರು. ಒಳಗಿನ ಸಂಚನ್ನು ಬಿಚ್ಚಿಡಬೇಕಿದ್ದ ಮಾಫಿ ಸಾಕ್ಷಿಯೇ ನ್ಯಾಯಾಲಯದಲ್ಲಿ ತಿರುಗಿಬಿದ್ದಿದ್ದ. ಗುಂಡು ಹಾರಿಸಿದವರಲ್ಲಿ ಒಬ್ಬನಿಗೆ ಶಿಕ್ಷೆಯಾಯಿತು. ಇನ್ನೊಬ್ಬನ ಖುಲಾಸೆಯನ್ನು ಬಾಂಬೆ ಹೈಕೋರ್ಟ್ ರದ್ದುಪಡಿಸಿದ್ದು 2021ರಲ್ಲಿ. ಕೊಲೆಗೆ ಹಣ ಕೊಟ್ಟವರ, ಆದೇಶ ಕೊಟ್ಟವರ ಹತ್ತಿರ ಕಾನೂನು ಹೋಗಲೇ ಆಗಲಿಲ್ಲ. ಗ್ಯಾಂಗ್ ಅಪರಾಧದ ಸ್ವರೂಪವೇ ಹೀಗೆ. ಮಚ್ಚು ಬೀಸಿದವನು ಬೀದಿಯಲ್ಲಿ ಕಾಣುತ್ತಾನೆ, ಸುಪಾರಿ ಕೊಟ್ಟವನು ಕಾಣುವುದಿಲ್ಲ. ಅವನ ಹೆಸರು ಹೇಳಬಲ್ಲವರು ಗ್ಯಾಂಗಿನೊಳಗಿನವರು ಮಾತ್ರ. ಆ ಬಾಯಿ ಮುಚ್ಚಿದರೆ ತನಿಖೆ ಬೀದಿಯಲ್ಲೇ ನಿಂತುಬಿಡುತ್ತದೆ.

ಎರಡನೆಯದು, ಚಿತ್ರರಂಗಕ್ಕೆ ಭೂಗತ ಜಗತ್ತಿನ ಹಣ ಹರಿದ ಆರೋಪದ ಮೇಲೆ 2001ರಲ್ಲಿ ಬಂಧನಕ್ಕೊಳಗಾದ ಚಿತ್ರ ನಿರ್ಮಾಪಕ ಭರತ್ ಶಾ ಪ್ರಕರಣ. ಬೆದರಿಕೆ ಕರೆಗಳ ಬಗ್ಗೆ ಪೊಲೀಸರ ಮುಂದೆ ಹೇಳಿಕೆ ಕೊಟ್ಟಿದ್ದ ಚಿತ್ರರಂಗದ ದೊಡ್ಡ ದೊಡ್ಡ ತಾರೆಯರು ನ್ಯಾಯಾಲಯದಲ್ಲಿ ಆ ಹೇಳಿಕೆಯಿಂದ ಹಿಂದೆ ಸರಿದರು. ತಮ್ಮ ಮಾತಿಗೆ ಗಟ್ಟಿಯಾಗಿ ನಿಂತವರು ನಟಿ ಪ್ರೀತಿ ಜಿಂಟಾ. 50 ಲಕ್ಷ ರೂಪಾಯಿ ಕೇಳಿ ತಮಗೆ ಕರೆ ಬಂದಿತ್ತೆಂದು ಅವರು ಮುಚ್ಚಿದ ಕೊಠಡಿಯ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದರು. 2003ರಲ್ಲಿ ಸಂಘಟಿತ ಅಪರಾಧದ ಆರೋಪಗಳಿಂದ ಶಾ ಬಿಡುಗಡೆಯಾದರು. ಪೊಲೀಸರಿಂದ ಮಾಹಿತಿ ಮುಚ್ಚಿಟ್ಟ ತಪ್ಪಿಗೆ ಮಾತ್ರ ಒಂದು ವರ್ಷದ ಶಿಕ್ಷೆಯಾಯಿತು.

ಮನೆ ಮುಂದೆ ಕಾವಲುಗಾರರಿರುವ, ದೇಶಕ್ಕೆಲ್ಲ ಮುಖಪರಿಚಯವಿರುವವರೇ ಹಿಂಜರಿದಿರುವಾಗ, ಬಾಡಿಗೆ ಮನೆಯಲ್ಲಿರುವ ಪಾನ್ ಬೀಡಾ ಅಂಗಡಿಯವನನ್ನು ಹೇಡಿಯೆನ್ನುವ ಹಕ್ಕು ಯಾರಿಗೂ ಇಲ್ಲ.

ಹೆಸರು, ವಿಳಾಸ, ಮೊಬೈಲ್ ಸಂಖ್ಯೆ

ದೋಷಾರೋಪ ಪಟ್ಟಿಯ ಕೊನೆಯಲ್ಲಿ ಸಾಕ್ಷಿಗಳ ಪಟ್ಟಿಯಿರುತ್ತದೆ. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಉದ್ಯೋಗ, ವಾಸದ ವಿಳಾಸ, ಎಷ್ಟೋ ಸಲ ಮೊಬೈಲ್ ಸಂಖ್ಯೆ. ಈ ಪಟ್ಟಿಯ ಪ್ರತಿಯನ್ನು ಆರೋಪಿಗೆ ಉಚಿತವಾಗಿ ಕೊಡಬೇಕು. ತನ್ನ ಮೇಲಿನ ಆರೋಪವೇನು, ಯಾರು ಏನು ಹೇಳಿದ್ದಾರೆ ಎಂಬುದು ತಿಳಿಯದೆ ಯಾರೂ ತಮ್ಮ ಪರ ವಾದಿಸಲಾಗದು. ಹಾಗಾಗಿ ಆ ಹಕ್ಕನ್ನು ಪ್ರಶ್ನಿಸುವಂತಿಲ್ಲ. ಹೇಳಿಕೆಯ ಕೆಲವು ಭಾಗಗಳನ್ನು ಆರೋಪಿಗೆ ಕೊಡಬಾರದೆಂದು ನ್ಯಾಯಾಲಯವನ್ನು ಕೋರಲು ಕಾನೂನಿನಲ್ಲಿ ಅವಕಾಶವಿದೆ. ಆ ಅವಕಾಶವನ್ನು ಬಳಸಬೇಕಾದವರು ತನಿಖಾಧಿಕಾರಿ. ಸಾಕ್ಷಿಯ ವಿಳಾಸ ಗ್ಯಾಂಗಿನ ಕೈಸೇರದಂತೆ ನೋಡಿಕೊಳ್ಳುವ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಇದಕ್ಕೆ ಸೇರಿಕೊಂಡದ್ದು ಕೋರ್ಟಿನ ಅಲೆದಾಟ. 2000ದಲ್ಲಿ ಪಂಜಾಬಿನ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಡಿ.ಪಿ. ವಾಧ್ವಾ ಸಾಕ್ಷಿಯ ಪಾಡನ್ನು ವಿವರವಾಗಿ ಬರೆದಿದ್ದರು. ದೂರದಿಂದ ಬಂದವನನ್ನು ಮತ್ತೆ ಮತ್ತೆ ವಾಯಿದೆ ಕೊಟ್ಟು ವಾಪಸು ಕಳಿಸುವುದು, ಕೂರಲು ಜಾಗ, ಕುಡಿಯಲು ನೀರು ಸಿಗದಿರುವುದು, ಕೊನೆಗೆ ಕಟಕಟೆ ಹತ್ತಿದಾಗ ಎಳೆದಾಡುವ ಪಾಟೀ ಸವಾಲು. ಇಂಥ ಅನುಭವವಾದ ಮೇಲೆ ಮರ್ಯಾದಸ್ಥರು ಸಾಕ್ಷಿಯಾಗಲು ಯಾಕೆ ಬರುತ್ತಾರೆ ಎಂಬುದು ಅವರ ಪ್ರಶ್ನೆಯ ತಿರುಳು. ಕಾಲು ಶತಮಾನ ಕಳೆದಿದೆ. ತಾಲ್ಲೂಕು ನ್ಯಾಯಾಲಯದ ಜಗಲಿಯಲ್ಲಿ, ಆರೋಪಿಯ ಕಡೆಯವರು ನಿಂತಿರುವ ಅದೇ ಬೇವಿನ ಮರದ ನೆರಳಲ್ಲಿ ಸಾಕ್ಷಿ ಕಾಯುವ ಪರಿಸ್ಥಿತಿ ಬಹಳ ಕಡೆ ಬದಲಾಗಿಲ್ಲ. ದಿನಗೂಲಿ ಕಳೆದುಕೊಂಡು ಬರುವವನಿಗೆ ಸಿಗುವ ಬತ್ತಾ ಬಸ್ಸಿನ ಖರ್ಚಿಗೆ ಸಾಕಾದರೆ ಹೆಚ್ಚು.

ಕರ್ನಾಟಕದಲ್ಲಿ ಸಂಘಟಿತ ಅಪರಾಧಗಳ ನಿಯಂತ್ರಣಕ್ಕೆಂದೇ 2000ದ ಕಾಯ್ದೆಯಿದೆ; ಪೊಲೀಸರ ಬಾಯಲ್ಲಿ ಅದು ‘ಕೋಕಾ’. ಎಸ್‌ಪಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಮಾನ್ಯತೆ, ವಿಶೇಷ ನ್ಯಾಯಾಲಯ, ಸಾಕ್ಷಿಯ ಹೆಸರು ವಿಳಾಸ ಗೋಪ್ಯವಾಗಿಡುವ ಅಧಿಕಾರ ಎಲ್ಲವೂ ಅದರಲ್ಲಿವೆ. ಪತ್ರಕರ್ತೆ ಗೌರಿ ಲಂಕೇಶ್ ಅವರ ಹತ್ಯೆಯ ವಿಚಾರಣೆ ಈ ಕಾಯ್ದೆಯಡಿಯೂ ನಡೆದಿದೆ. ಕೊಲೆ ನಡೆದದ್ದು 2017ರ ಸೆಪ್ಟೆಂಬರ್ 5ರಂದು. ಸಾಕ್ಷಿಗಳ ಪಟ್ಟಿಯಲ್ಲಿದ್ದವರು 527 ಮಂದಿ. 2023ರ ಡಿಸೆಂಬರ್‌ನಲ್ಲಿ ಆರೋಪಿಯೊಬ್ಬನಿಗೆ ಹೈಕೋರ್ಟ್ ಜಾಮೀನು ನೀಡುವಾಗ, ಅದುವರೆಗೆ 90 ಸಾಕ್ಷಿಗಳ ವಿಚಾರಣೆ ಮಾತ್ರ ಆಗಿದೆ ಎಂಬುದನ್ನು ಗಮನಿಸಿತು. ದೇಶವೇ ಕಣ್ಣಿಟ್ಟಿದ್ದ, ನುರಿತ ವಿಶೇಷ ತಂಡ ತನಿಖೆ ನಡೆಸಿದ ಪ್ರಕರಣದ ವೇಗವಿದು. ಸುದ್ದಿಯಾಗದ ಬಡಾವಣೆಯ ರೌಡಿ ಕೊಲೆಯೊಂದರಲ್ಲಿ ಸಾಕ್ಷಿ ಎಷ್ಟು ವರ್ಷ ತನ್ನ ಧೈರ್ಯವನ್ನು ಕಾಪಿಟ್ಟುಕೊಳ್ಳಬೇಕು?

ಈಗೀಗ ಸಿಸಿಟಿವಿ, ಮೊಬೈಲ್ ಟವರ್ ಮಾಹಿತಿ, ಡಿಎನ್‌ಎ ಇರುವಾಗ ಕಣ್ಣಲ್ಲಿ ಕಂಡವರ ಹಂಗೇಕೆ ಎನ್ನುವವರಿದ್ದಾರೆ. ತಂತ್ರಜ್ಞಾನದಿಂದ ತನಿಖೆಗೆ ಬಲ ಬಂದಿರುವುದು ನಿಜ. ಆದರೆ ಆ ದೃಶ್ಯ ತನ್ನ ಅಂಗಡಿಯ ಕ್ಯಾಮೆರಾದಿಂದಲೇ ಬಂದದ್ದು ಎಂದು ಪ್ರಮಾಣಪತ್ರ ಕೊಟ್ಟು ಹೇಳಬೇಕಾದವನು ಅಂಗಡಿಯ ಮಾಲೀಕ. ಲಾಂಗು ವಶಪಡಿಸಿಕೊಂಡ ಮಹಜರಿಗೆ ಸಹಿ ಹಾಕಿದ ಪಂಚರು ನ್ಯಾಯಾಲಯಕ್ಕೆ ಬರಬೇಕು. ದೃಶ್ಯದಲ್ಲಿರುವ ಮುಖ ಯಾರದ್ದೆಂದು ಗುರುತಿಸಬೇಕಾದವರು ಆ ಬೀದಿಯವರೇ. ಯಂತ್ರ ಎಷ್ಟೇ ಸ್ಪಷ್ಟವಾಗಿ ಕಂಡರೂ ಅದರ ಪರವಾಗಿ ಮಾತಾಡಲು ಮನುಷ್ಯ ಬೇಕು.

ರಕ್ಷಣೆಯ ಯೋಜನೆ: ಇರುವುದೇನು, ಇಲ್ಲದ್ದೇನು

ಭಾರತದಲ್ಲಿ ಸಾಕ್ಷಿಗಳ ರಕ್ಷಣೆಗೆ ದೇಶವ್ಯಾಪಿ ನಿಯಮ ಬಂದದ್ದು ಒಬ್ಬ ಸಾಕ್ಷಿಯ ಹೋರಾಟದಿಂದ. ಸ್ವಯಂಘೋಷಿತ ದೇವಮಾನವ ಅಸಾರಾಂ ವಿರುದ್ಧದ ಪ್ರಕರಣಗಳಲ್ಲಿ ಸಾಕ್ಷಿಗಳ ಮೇಲೆ ಒಂದರ ಹಿಂದೊಂದು ದಾಳಿ ನಡೆದು ಕೆಲವರು ಸತ್ತಾಗ, 2015ರಲ್ಲಿ ಗುಂಡೇಟು ತಿಂದೂ ಬದುಕುಳಿದ ಹರಿಯಾಣದ ಮಹೇಂದರ್ ಚಾವ್ಲಾ ಮತ್ತಿತರರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2018ರ ಡಿಸೆಂಬರ್ 5ರಂದು ನ್ಯಾಯಾಲಯ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ನೀಡಿ, ಸಂಸತ್ತು ಅಥವಾ ವಿಧಾನಸಭೆಗಳು ಕಾನೂನು ಮಾಡುವವರೆಗೆ ಅದೇ ಕಾನೂನೆಂದು ಘೋಷಿಸಿತು.

ಯೋಜನೆಯನ್ನು ಓದಿದರೆ ಅದರಲ್ಲಿ ಕೊರತೆ ಕಾಣುವುದಿಲ್ಲ. ಜೀವಕ್ಕೆ ಅಪಾಯ, ಸುರಕ್ಷತೆ ಅಥವಾ ಆಸ್ತಿಗೆ ಅಪಾಯ, ಕಿರುಕುಳ ಎಂದು ಬೆದರಿಕೆಗೆ ಮೂರು ವರ್ಗ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ. ಜಿಲ್ಲಾ ಪೊಲೀಸ್ ಮುಖ್ಯಸ್ಥರು ಮತ್ತು ಅಭಿಯೋಜನೆಯ ಮುಖ್ಯಸ್ಥರು ಅದರ ಸದಸ್ಯರು. ಅರ್ಜಿ ಬಂದಾಗ ಎಸಿಪಿ ಅಥವಾ ಡಿವೈಎಸ್‌ಪಿ ಬೆದರಿಕೆಯ ವರದಿಯನ್ನು ಐದು ಕೆಲಸದ ದಿನಗಳೊಳಗೆ ಕೊಡಬೇಕು. ಫೋನ್ ಸಂಖ್ಯೆ ಬದಲಾವಣೆ, ಮನೆಗೆ ಸಿಸಿಟಿವಿ ಮತ್ತು ಭದ್ರ ಬಾಗಿಲು, ಗಸ್ತು, ಸರ್ಕಾರಿ ವಾಹನದಲ್ಲಿ ಕೋರ್ಟಿಗೆ ಕರೆತರುವುದು, ಪರದೆಯ ಹಿಂದಿನಿಂದ ಅಥವಾ ವಿಡಿಯೊ ಮೂಲಕ ಸಾಕ್ಷ್ಯ, ತಾತ್ಕಾಲಿಕ ವಾಸ, ಅತ್ಯಂತ ಗಂಭೀರ ಸಂದರ್ಭದಲ್ಲಿ ಬೇರೆ ಊರು, ಹೊಸ ಗುರುತು. ಇದಕ್ಕೆಲ್ಲ ರಾಜ್ಯ ಸರ್ಕಾರದ ಸಾಕ್ಷಿ ರಕ್ಷಣಾ ನಿಧಿ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಮು ಪ್ರತಿ ರಾಜ್ಯವೂ ಇಂಥ ಯೋಜನೆ ರೂಪಿಸಬೇಕೆಂದು ಹೇಳಿದೆ.

ತೊಡಕಿರುವುದು ಆಚರಣೆಯಲ್ಲಿ. ಅರ್ಜಿ ಹಾಕುವ ಹೊಣೆ ಹೆಚ್ಚಾಗಿ ಬೆದರಿಕೆಗೆ ಒಳಗಾದವನ ಮೇಲೇ ಬೀಳುತ್ತದೆ. ಇಂಥದ್ದೊಂದು ಅರ್ಜಿ ಇದೆಯೆಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಬೆದರಿಕೆಯ ವರದಿ ಬರುವುದು ಪೊಲೀಸರಿಂದಲೇ. ಠಾಣೆಯಲ್ಲಿ ಗ್ಯಾಂಗಿಗೆ ಬೇಕಾದವರಿದ್ದರೆ ಆ ವರದಿಯನ್ನು ನಂಬುವುದು ಹೇಗೆ? ರಕ್ಷಣೆಯ ಆದೇಶ ಒಮ್ಮೆಗೆ ಮೂರು ತಿಂಗಳಿಗೆ ಸೀಮಿತ, ಆಮೇಲೆ ಪರಿಶೀಲನೆ. ವಿಚಾರಣೆ ಎಳೆಯುವುದು ಹತ್ತು ವರ್ಷ. ಉಮೇಶ್ ಪಾಲ್ ಅವರಿಗೆ ರಕ್ಷಣೆ ಇರಲಿಲ್ಲವೆಂದಲ್ಲ, ಇಬ್ಬರು ಗನ್‌ಮ್ಯಾನ್‌ಗಳಿದ್ದರು. ಆದರೆ ಅವರು ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಓಣಿಗೆ ಮರಳುತ್ತಾರೆಂಬುದು ಊರಿಗೇ ಗೊತ್ತಿತ್ತು.

ಇನ್ನೊಂದು ಅಪಾಯವನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟಿನಲ್ಲಿ ಎತ್ತಿ ತೋರಿಸಿತು. ಜಾಮೀನಿನ ಮೇಲೆ ಹೊರಬಂದ ಆರೋಪಿ ಸಾಕ್ಷಿಗಳನ್ನು ಬೆದರಿಸುತ್ತಿದ್ದಾನೆ, ಜಾಮೀನು ರದ್ದುಪಡಿಸಿ ಎಂದು ಕೋರಿದವರಿಗೆ, ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಿಕೊಳ್ಳಿ ಎಂದು ಅಲಹಾಬಾದ್ ಹೈಕೋರ್ಟ್ ಹೇಳಿ ಕಳಿಸಿತ್ತು. ಒಂದೇ ಅಚ್ಚಿನ ಇಂಥ ಹತ್ತಾರು ಆದೇಶಗಳು ಹೊರಬಿದ್ದಿದ್ದವು. ಸಾಕ್ಷಿಗೆ ರಕ್ಷಣೆ ಕೊಡುವುದು ಒಂದು, ಬೆದರಿಸಿದವನ ಜಾಮೀನು ರದ್ದುಪಡಿಸುವುದು ಇನ್ನೊಂದು. ಒಂದರ ಬದಲಿಗೆ ಇನ್ನೊಂದಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೊಂದು ಮುಖ್ಯ ತೀರ್ಪು ಬಂತು. ಸುಳ್ಳು ಸಾಕ್ಷ್ಯ ಹೇಳುವಂತೆ ಬೆದರಿಸಿದರೆ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದು, ನ್ಯಾಯಾಲಯವೇ ದೂರು ಕೊಡಲೆಂದು ಕಾಯಬೇಕಿಲ್ಲ. ಬೆದರಿಕೆಗೊಳಗಾದವರು ಹೋಗಬೇಕಾದ ದಾರಿ ಇದರಿಂದ ಹತ್ತಿರವಾಗಿದೆ.

ಹೊರದೇಶಗಳು ಕಂಡುಕೊಂಡ ದಾರಿ

ಅಮೆರಿಕ 1970ರಲ್ಲಿ ಸಂಘಟಿತ ಅಪರಾಧ ನಿಯಂತ್ರಣ ಕಾನೂನು ತಂದಾಗಲೇ ಸಾಕ್ಷಿ ರಕ್ಷಣೆಗೆ ಜಾಗ ಮಾಡಿತು. ಹೊಸ ಹೆಸರು, ಹೊಸ ಊರು, ಹೊಸ ಉದ್ಯೋಗ. ಅಲ್ಲಿನ ಮಾರ್ಷಲ್ಸ್ ಸೇವೆ ಇದುವರೆಗೆ 19,000ಕ್ಕೂ ಹೆಚ್ಚು ಸಾಕ್ಷಿಗಳು ಮತ್ತು ಅವರ ಕುಟುಂಬದವರಿಗೆ ಹೀಗೆ ಆಶ್ರಯ ಕೊಟ್ಟಿದೆ. ನಿಯಮಗಳನ್ನು ಪಾಲಿಸಿದ ಒಬ್ಬರೂ ಕೊಲೆಯಾಗಿಲ್ಲವೆಂದು ಹೇಳುತ್ತದೆ. ಆದರೆ ಆ ಯೋಜನೆಯ ಫಲ ಪಡೆದವರಲ್ಲಿ ಬಹುಪಾಲು ಮಂದಿ ಸ್ವತಃ ಅಪರಾಧ ಜಗತ್ತಿನಿಂದ ಬಂದವರು. ಬೀದಿಯ ಸಾಮಾನ್ಯರಿಗೆ ಅದು ಎಟುಕಲಿಲ್ಲ. 2002ರ ಅಕ್ಟೋಬರಿನಲ್ಲಿ ಬಾಲ್ಟಿಮೋರ್ ನಗರದಲ್ಲಿ, ಮನೆ ಮುಂದಿನ ಮಾದಕ ವಸ್ತು ದಂಧೆಯ ಬಗ್ಗೆ ಪೊಲೀಸರಿಗೆ ಮತ್ತೆ ಮತ್ತೆ ದೂರು ಕೊಟ್ಟ ತಾಯಿಯೊಬ್ಬಳ ಮನೆಗೆ ರಾತ್ರಿ ಬೆಂಕಿ ಇಡಲಾಯಿತು. ಆಕೆ ಮತ್ತು ಐವರು ಮಕ್ಕಳು ಸುಟ್ಟು ಸತ್ತರು. ಗಂಡ ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ.

ಇಟಲಿಯ ಸಿಸಿಲಿ ದ್ವೀಪ ಮೌನಕ್ಕೆ ಹೆಸರಾದ ನಾಡು. ಮಾಫಿಯಾದ ವಿರುದ್ಧ ಬಾಯಿ ಬಿಡುವುದು ಅಲ್ಲಿ ಮರ್ಯಾದೆಗೆಟ್ಟ ಕೆಲಸವಾಗಿತ್ತು. ಅಂಥಲ್ಲಿ ತೊಮ್ಮಾಸೊ ಬುಷೆಟ್ಟಾ ಎಂಬ ಮಾಫಿಯಾ ನಾಯಕ, ಒಳಜಗಳದಲ್ಲಿ ತನ್ನ ಇಬ್ಬರು ಮಕ್ಕಳನ್ನು ಕಳೆದುಕೊಂಡ ಮೇಲೆ, 1984ರಲ್ಲಿ ನ್ಯಾಯಾಧೀಶ ಜೊವಾನ್ನಿ ಫಾಲ್ಕೋನೆ ಅವರ ಮುಂದೆ ಮಾತಾಡಿದ. 1986ರ ಫೆಬ್ರುವರಿಯಲ್ಲಿ ಪಾಲೆರ್ಮೊ ನಗರದಲ್ಲಿ, ಇದಕ್ಕೆಂದೇ ಕಟ್ಟಿದ ಭದ್ರ ನ್ಯಾಯಾಲಯದಲ್ಲಿ ಸುಮಾರು 475 ಆರೋಪಿಗಳ ವಿಚಾರಣೆ ಶುರುವಾಗಿ, 1987ರ ಡಿಸೆಂಬರಿನಲ್ಲಿ 300ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. 1992ರಲ್ಲಿ ಫಾಲ್ಕೋನೆ ಅವರನ್ನು ಮಾಫಿಯಾ ಬಾಂಬಿಟ್ಟು ಕೊಂದಿತು. ಆದರೆ ಶಿಕ್ಷೆಗಳು ಉಳಿದವು. ಮಾಫಿಯಾದಿಂದ ಹೊರಬಂದು ಮಾತಾಡುವವರು ಬೇರೆ, ಯಾವ ತಪ್ಪನ್ನೂ ಮಾಡದ ನಾಗರಿಕ ಸಾಕ್ಷಿಗಳು ಬೇರೆ ಎಂದು ಇಟಲಿ 2001ರ ಕಾನೂನಿನಲ್ಲಿ ಗುರುತಿಸಿತು. ಇಬ್ಬರ ಅಗತ್ಯಗಳೂ ಬೇರೆ ಎಂಬ ಈ ತಿಳಿವಳಿಕೆ ನಮ್ಮ ಯೋಜನೆಗೂ ಬೇಕು.

ಅದೇ ಸಿಸಿಲಿಯ ಇನ್ನೆರಡು ಘಟನೆಗಳನ್ನು ಜೊತೆಯಾಗಿ ನೋಡಬೇಕು. ಪಾಲೆರ್ಮೊದ ಬಟ್ಟೆ ಉದ್ಯಮಿ ಲಿಬೆರೊ ಗ್ರಾಸ್ಸಿ 1991ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದು ಹಫ್ತಾ ಕೊಡುವುದಿಲ್ಲವೆಂದು ಸಾರಿದರು. ಇತರ ಉದ್ಯಮಿಗಳು ಅವರ ಜೊತೆ ನಿಲ್ಲಲಿಲ್ಲ. ಆಗಸ್ಟ್ 29ರಂದು ಅವರ ಕೊಲೆಯಾಯಿತು. ಅದೇ ಹೊತ್ತಿನಲ್ಲಿ ಕಾಪೊ ದೊರ್ಲಾಂದೊ ಎಂಬ ಕರಾವಳಿಯ ಪುಟ್ಟ ಪಟ್ಟಣದಲ್ಲಿ ಚಪ್ಪಲಿ ಅಂಗಡಿಯ ತಾನೊ ಗ್ರಾಸ್ಸೊ ನೇತೃತ್ವದಲ್ಲಿ ವ್ಯಾಪಾರಿಗಳು ಸಂಘ ಕಟ್ಟಿಕೊಂಡು ಎಲ್ಲರೂ ಒಟ್ಟಾಗಿ ದೂರು ಕೊಟ್ಟರು, ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. ಸುಲಿಗೆಕೋರರಿಗೆ ಶಿಕ್ಷೆಯಾಯಿತು. ಒಬ್ಬನನ್ನು ಗುರಿಮಾಡುವುದು ಸುಲಭ, ಪೇಟೆಯನ್ನೇ ಗುರಿಮಾಡುವುದು ಕಷ್ಟ. ನಮ್ಮ ಕರಾವಳಿಯ ಉದ್ಯಮಿಗಳಿಗೆ ವಿದೇಶದಿಂದ ಸುಲಿಗೆ ಕರೆಗಳು ಬರುತ್ತಿದ್ದ ಕಾಲವನ್ನು, 2020ರ ಫೆಬ್ರುವರಿಯಲ್ಲಿ ಸೆನೆಗಲ್‌ನಿಂದ ಭೂಗತ ಪಾತಕಿ ರವಿ ಪೂಜಾರಿಯನ್ನು ಬೆಂಗಳೂರಿಗೆ ಕರೆತಂದದ್ದನ್ನು ಬಲ್ಲವರಿಗೆ ಕಾಪೊ ದೊರ್ಲಾಂದೊದ ದಾರಿ ಪರಕೀಯವೆನಿಸಬೇಕಾಗಿಲ್ಲ.

ಮುಖ ಮರೆಸಿದ ಸಾಕ್ಷಿ, ಆರೋಪಿಯ ಹಕ್ಕು

ಸಾಕ್ಷಿಯ ಗುರುತನ್ನೇ ಪೂರ್ತಿ ಮುಚ್ಚಿಟ್ಟರೆ ಸಮಸ್ಯೆ ಮುಗಿಯುತ್ತದೆಯೇ? ಬ್ರಿಟನ್ ಈ ಪ್ರಶ್ನೆಯನ್ನು ಎದುರಿಸಿತು. 2002ರ ಹೊಸ ವರ್ಷದ ದಿನ ಲಂಡನ್ನಿನ ಹ್ಯಾಕ್ನಿಯಲ್ಲಿ ನಡೆದ ಜೋಡಿ ಕೊಲೆಯ ಪ್ರಕರಣದಲ್ಲಿ ಮೂವರು ಸಾಕ್ಷಿಗಳು ಹೆಸರು ಬದಲಿಸಿಕೊಂಡು, ಪರದೆಯ ಹಿಂದೆ, ಧ್ವನಿ ಮಾರ್ಪಡಿಸಿಕೊಂಡು ಸಾಕ್ಷ್ಯ ನುಡಿದರು. ಶಿಕ್ಷೆಯಾಯಿತು. ಆದರೆ 2008ರ ಜೂನ್‌ನಲ್ಲಿ ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಒಪ್ಪಲಿಲ್ಲ. ತನ್ನ ವಿರುದ್ಧ ಮಾತಾಡುತ್ತಿರುವವರು ಯಾರೆಂದೇ ತಿಳಿಯದ ಆರೋಪಿ ಅವರನ್ನು ಪ್ರಶ್ನಿಸುವುದಾದರೂ ಹೇಗೆ? ಹಳೆಯ ದ್ವೇಷದಿಂದ ಸುಳ್ಳು ಹೇಳುತ್ತಿದ್ದರೆ ಅದನ್ನು ಬಯಲು ಮಾಡುವ ಬಗೆ ಯಾವುದು? ತೀರ್ಪು ಬಂದ ಮರುತಿಂಗಳೇ ಸಂಸತ್ತು ತುರ್ತು ಕಾನೂನು ಮಾಡಿ, ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಮಾತ್ರ ಅನಾಮಿಕ ಸಾಕ್ಷ್ಯಕ್ಕೆ ಅವಕಾಶ ಕೊಟ್ಟಿತು.

ಈ ಎಚ್ಚರಿಕೆ ನಮಗೂ ಅಗತ್ಯ. ಪೊಲೀಸರು ಹೆಣೆದ ಸುಳ್ಳು ಸಾಕ್ಷಿಗಳಿಂದ ನಿರಪರಾಧಿಗಳು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತ ಉದಾಹರಣೆಗಳು ಈ ದೇಶದಲ್ಲಿ ಕಡಿಮೆಯಿಲ್ಲ. ಸಾಕ್ಷಿಯ ವಿಳಾಸವನ್ನು, ಫೋನನ್ನು, ಮಕ್ಕಳ ಶಾಲೆಯನ್ನು ಮರೆಮಾಚುವುದು ಬಹುತೇಕ ಪ್ರಕರಣಗಳಲ್ಲಿ ಸಾಕಾಗುತ್ತದೆ. ಅವನ ಮಾತನ್ನು ಪರೀಕ್ಷಿಸುವ ಹಕ್ಕು ಆರೋಪಿಗೆ ಉಳಿಯಲೇಬೇಕು.

ಶಿಕ್ಷೆಯ ಬೆದರಿಕೆಯಿಂದ ಸಾಕ್ಷಿಗಳನ್ನು ದಾರಿಗೆ ತರುವ ಪ್ರಯತ್ನವೂ ನಡೆದಿದೆ. ಗುಜರಾತಿನ ಬೆಸ್ಟ್ ಬೇಕರಿ ಹತ್ಯಾಕಾಂಡದ ಪ್ರಕರಣದಲ್ಲಿ ಮತ್ತೆ ಮತ್ತೆ ಹೇಳಿಕೆ ಬದಲಿಸಿದ ಸಾಕ್ಷಿ ಜಾಹಿರಾ ಶೇಖ್‌ಗೆ 2006ರಲ್ಲಿ ಸುಪ್ರೀಂ ಕೋರ್ಟ್ ಒಂದು ವರ್ಷದ ಸಜೆ ವಿಧಿಸಿತು. ಹಣಕ್ಕೆ ಮಾರಿಕೊಳ್ಳುವ ಸಾಕ್ಷಿಗೆ ಶಿಕ್ಷೆ ಬೇಕು, ಅನುಮಾನವಿಲ್ಲ. ಪ್ರಾಣಭಯದಿಂದ ನಡುಗುತ್ತಿರುವವನನ್ನು ಕಾನೂನಿನ ಭಯದಿಂದ ಮಾತಾಡಿಸಲಾಗದು. ಅವನು ಎರಡರಲ್ಲಿ ದೊಡ್ಡ ಭಯಕ್ಕೇ ಬಾಗುತ್ತಾನೆ, ಮತ್ತು ಗ್ಯಾಂಗಿನ ಭಯ ಯಾವಾಗಲೂ ದೊಡ್ಡದು.

ಆಗಬೇಕಾದ್ದು

ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಗ್ಯಾಂಗ್ ಪ್ರಕರಣಗಳಲ್ಲಿ ಮುಖ್ಯ ಸಾಕ್ಷಿಯ ಹೇಳಿಕೆ ಮ್ಯಾಜಿಸ್ಟ್ರೇಟರ ಮುಂದೆ ಮೊದಲ ವಾರಗಳಲ್ಲೇ ಆಗಬೇಕು. ದೋಷಾರೋಪ ಹೊರಿಸಿದ ಕೂಡಲೇ, ಉಳಿದೆಲ್ಲರಿಗಿಂತ ಮೊದಲು, ಅಪಾಯದಲ್ಲಿರುವ ಸಾಕ್ಷಿಯ ವಿಚಾರಣೆ ಮುಗಿಸಬೇಕು. ಮುಖ್ಯ ವಿಚಾರಣೆ ಮತ್ತು ಪಾಟೀ ಸವಾಲು ಒಂದೇ ದಿನ, ಆಗದಿದ್ದರೆ ಮರುದಿನ. ಎರಡಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದು ಹೊಸ ಸಂಹಿತೆ ಹೇಳಿದೆ, ಅದನ್ನು ಪಾಲಿಸಿದರೆ ಸಾಕು. ನಿಗದಿತ ಸ್ಥಳದಿಂದ ವಿಡಿಯೊ ಮೂಲಕ ಸಾಕ್ಷ್ಯ ನುಡಿಯಲು ಅದೇ ಸಂಹಿತೆ ಅವಕಾಶ ಕೊಟ್ಟಿದೆ. ಪ್ರತಿ ನ್ಯಾಯಾಲಯದ ಆವರಣದಲ್ಲಿ ಸಾಕ್ಷಿಗಳಿಗೆ ಪ್ರತ್ಯೇಕ ಕೊಠಡಿ, ಪ್ರತ್ಯೇಕ ಬಾಗಿಲು ಇರಬೇಕು.

ಪೊಲೀಸರು ಇನ್ನೊಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಜನ ಸಹಕರಿಸುವುದಿಲ್ಲ ಎಂದು ದೂರುವ ಠಾಣೆಗಳಲ್ಲೇ, ದೂರು ಕೊಡಲು ಬಂದವರನ್ನು ಗಂಟೆಗಟ್ಟಲೆ ಕೂರಿಸಿ, ಏಕವಚನದಲ್ಲಿ ಮಾತಾಡಿಸಿ ಕಳಿಸುವುದೂ ನಡೆಯುತ್ತದೆ. ಬೀಟ್ ಪೊಲೀಸರನ್ನು ಹೆಸರು ಹಿಡಿದು ಕರೆಯಬಲ್ಲ ಬಡಾವಣೆಯಲ್ಲಿ ಸಾಕ್ಷಿಗಳು ಸಿಗುತ್ತಾರೆ. ರೌಡಿಯ ಜೊತೆ ಠಾಣಾಧಿಕಾರಿ ಕೈಕುಲುಕುವುದನ್ನು ಕಂಡ ಬಡಾವಣೆಯಲ್ಲಿ ಯಾರೂ ಸಿಗುವುದಿಲ್ಲ.

ಓದುಗರಲ್ಲಿ ಯಾರಾದರೂ ನಾಳೆ ಇಂಥದ್ದೊಂದು ಪ್ರಕರಣಕ್ಕೆ ಸಾಕ್ಷಿಯಾಗಬೇಕಾಗಿ ಬಂದರೆ, ಬೆದರಿಕೆ ಬಂದ ದಿನವೇ ಅದನ್ನು ಲಿಖಿತವಾಗಿ ತನಿಖಾಧಿಕಾರಿಗೂ ಸರ್ಕಾರಿ ಅಭಿಯೋಜಕರಿಗೂ ತಿಳಿಸಿ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ರಕ್ಷಣೆ ಕೋರಿ ಅರ್ಜಿ ಸಲ್ಲಿಸಿ; ಆ ಅರ್ಜಿಯನ್ನು ನಿಮ್ಮ ಪರವಾಗಿ ಕುಟುಂಬದವರು, ವಕೀಲರು ಅಥವಾ ತನಿಖಾಧಿಕಾರಿಯೂ ಕೊಡಬಹುದು. ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಿ. ಮತ್ತು ನಿಮ್ಮ ಬೀದಿಯಲ್ಲಿ ಯಾರಾದರೊಬ್ಬರು ಸಾಕ್ಷಿ ಹೇಳಲು ಮುಂದೆ ಬಂದಿದ್ದರೆ, ಅವರ ಜೊತೆ ಕೋರ್ಟಿಗೆ ಹೋಗಿ ಬನ್ನಿ. ಅವರನ್ನು ಒಂಟಿಯಾಗಿ ಕಳಿಸಬೇಡಿ.